ಬರಿ ಒರಳಿನ ಸದ್ದು

ನಮ್ಮ ಊರಿನಲ್ಲಿ ಒರಳಿಲ್ಲದ ಮನೆಯಿಲ್ಲ. ಬೆಳಗ್ಗೆ ಎದ್ದು ಮುಖ ತೊಳೆಯುವ ಹೊತ್ತಿಗೆ ನಡುಮನೆಯ ನೆಲದಲ್ಲಿ ಹೂತ ಒರಳಿನೊಳಗಿಂದ ಯಾರೋ ಕುಟ್ಟುವ ಸದ್ದು ಕೇಳುತ್ತದೆ. ನಮ್ಮ ಒನಕೆ ಮೂಲೆಯಲ್ಲಿ ಒರಗಿಕೊಂಡೇ ಇರುತ್ತದೆ; ಸದ್ದು ಆಚೆಯವರದು. ಒರಳಿನ ಆಚೆಗಿರುವುದು ಯಾವ ದೇಶ, ಅವರದು ಯಾವ ಭಾಷೆ, ನಮಗೆ ತಿಳಿಯದು. ಇಲ್ಲಿಯ ಒಂದೊಂದು ಒರಳಿಗೂ ಅಲ್ಲಿ ಒಂದೊಂದು ಮನೆ ಜೋಡಿ. ಹೊಸದಾಗಿ ಬಂದ ಸೊಸೆಗೆ ಅತ್ತೆ ಮೊದಲ ದಿನ ಉಪ್ಪಿನ ಮಡಕೆ ತೋರಿಸುತ್ತಾಳೆ, ಆಮೇಲೆ, "ನಮ್ಮ ಆಚೆಯೋರು ಹೊತ್ತು ಹುಟ್ಟೋ ಮುಂಚೇನೇ ಕುಟ್ತಾರೆ, ಬೆಚ್ಚಿ ಬೀಳಬ್ಯಾಡ" ಅನ್ನುತ್ತಾಳೆ.

ಆಚೆಯ ಸದ್ದು ಮೂರು ದಿನ ನಿಂತಿತೆಂದರೆ ಅಲ್ಲಿ ಕಾಳಿಲ್ಲ ಎಂದು ಅರ್ಥ. ಆಗ ಊರ ಕಣಜದಿಂದ ಆ ಮನೆಯವರಿಗೆ ಎರಡು ಸೇರು ನವಣೆ ಅಳೆದು ಕೊಡುತ್ತಾರೆ. ಅವರು ಅದನ್ನು ಒರಳಿಗೆ ಸುರಿದು, ಮೇಲೆ ಬುಟ್ಟಿ ಬೋರಲು ಹಾಕಬೇಕು. ದನ ಮನೆಗೆ ಬರುವ ಹೊತ್ತಿಗೆ ಬುಟ್ಟಿ ಎತ್ತಿದರೆ ಒರಳು ಬರಿದಾಗಿರುತ್ತದೆ. ಮಾರನೆಯ ಬೆಳಗ್ಗೆ ಸದ್ದು ಮತ್ತೆ ಶುರುವಾಗುತ್ತದೆ. ಇದಕ್ಕೆ ಆಚೆಪಾಲು ಎಂದು ಹೆಸರು. ಕಣಜಕ್ಕೆ ಬರುವ ನೂರು ಮೂಟೆಯಲ್ಲಿ ಒಂದು ಮೂಟೆ ಇದಕ್ಕೆಂದು ಮೀಸಲು. ಕಣಜದ ಬಾಗಿಲ ಪಕ್ಕ ನೆಟ್ಟ ಕಲ್ಲಿನ ಮೇಲೆ ಈ ಕಟ್ಟಳೆ ಕೆತ್ತಿದೆ: ಆಚೆಯ ಸದ್ದು ಮೂರು ದಿನ ನಿಂತರೆ ಕೊಡತಕ್ಕದ್ದು. ಅದನ್ನು ಕೆತ್ತಿದವರು ನಮ್ಮ ತಾತ.

ನಮ್ಮದು ಕಲ್ಲಿನ ಕೆಲಸದ ಮನೆ. ಬೀಸಿ ಬೀಸಿ, ಕುಟ್ಟಿ ಕುಟ್ಟಿ ನುಣುಪಾದ ಕಲ್ಲಿಗೆ ಉಳಿಯಿಂದ ಸಣ್ಣ ಸಣ್ಣ ಕಚ್ಚು ಹೊಡೆದು ಮತ್ತೆ ಒರಟು ಮಾಡಬೇಕು. ಅದಕ್ಕೆ ಕಕ್ಕು ಹಾಕುವುದು ಅನ್ನುತ್ತಾರೆ. ಅಜ್ಜಿಯಿಂದ ಅವ್ವನಿಗೆ, ಅವ್ವನಿಂದ ನನಗೆ ಬಂದ ಕೆಲಸ. "ಕಕ್ಕು ಹಾಕಿಸ್ತೀರೇನ್ರವ್ವಾ" ಎಂದು ಕೂಗಿಕೊಂಡು ಊರಿನ ಪ್ರತಿ ಮನೆಯ ನಡುಮನೆಗೂ ಹೋಗುವ ಹೆಂಗಸು ನಾನೊಬ್ಬಳೇ, ತಿಪ್ಪಕ್ಕ. ಕೆಲವು ಮನೆಗಳಲ್ಲಿ ನನಗೆ ನೀರು ಕೊಡುವ ಲೋಟ ಬೇರೆ. ಆದರೆ ಒರಳನ್ನು ಮುಟ್ಟದೆ ಕಕ್ಕು ಹಾಕುವ ವಿದ್ಯೆ ಇನ್ನೂ ಯಾರೂ ಕಂಡುಹಿಡಿದಿಲ್ಲ, ಅದೊಂದು ನನಗೆ ಸಮಾಧಾನ.

ಅವ್ವ ನನಗೆ ಉಳಿ ಹಿಡಿಯುವುದನ್ನು ಕಲಿಸುವ ಮೊದಲೇ ಒಂದು ಮಾತು ಹೇಳಿದ್ದಳು. "ಒರಳಿನ ತಳದಾಗೆ ಏನ್ ಕಂಡ್ರೂ ಬಾಯಿ ಬಿಡಬ್ಯಾಡ ಕಣೆ. ಅದು ಆ ಮನೆಯೋರ ಹೊಟ್ಟೆ ಒಳಗಿನ ಸುದ್ದಿ." ಐವತ್ತು ವರ್ಷ ನಾನು ಆ ಮಾತು ಮೀರಿಲ್ಲ.

ಎರಡು ವರ್ಷದಿಂದ ಊರಿನ ಯಾವ ಒರಳಿನಲ್ಲೂ ಆಚೆಯ ಸದ್ದು ನಿಂತಿರಲಿಲ್ಲ. ಕೊಡುವ ಪ್ರಸಂಗವೇ ಬರದೆ ಆಚೆಪಾಲಿನ ಮೂಟೆಗಳು ಕಣಜದ ಮೂಲೆಯಲ್ಲಿ ಧೂಳು ತಿನ್ನುತ್ತ ಕೂತಿದ್ದವು. ಊರ ಮಂಡಲಿಯ ಚುನಾವಣೆ ಬಂದಾಗ ಗಿರಣಿ ನೀಲಕಂಠಪ್ಪ ಅದನ್ನೇ ಹಿಡಿದುಕೊಂಡ. ಊರಿನ ಹಿಟ್ಟಿನ ಗಿರಣಿ ಅವನದು. "ಆಚೆಯೋರು ದಿನಾ ಕುಟ್ಕೊಂಡು ತಿಂತಾವ್ರೆ. ನಮ್ಮ ಚರಂಡಿ ನಾರ್ತಾ ಐತೆ. ಮೊದಲು ನಮ್ಮ ಬೀದಿ, ಆಮ್ಯಾಕೆ ಊರಾಚೆ" ಎಂದು ಆಟೋದಲ್ಲಿ ಮೈಕು ಕಟ್ಟಿ ಕೂಗಿಸಿದ. ತಾನು ಗೆದ್ದರೆ ಆಚೆಪಾಲು ರದ್ದು, ಯಾರೂ ಕುಟ್ಟದ ಒರಳುಗಳಿಗೆ ಸಿಮೆಂಟು ತುಂಬಿ ನೆಲ ಸಮ ಮಾಡಿಸಿಕೊಡುವುದು ಉಚಿತ.

ಆ ದಿನಗಳಲ್ಲೇ ನನಗೆ ಬೆನ್ನು ಹಿಡಿದುಕೊಂಡು ಎರಡು ದಿನ ನೆಲದ ಮೇಲೆ ಮಲಗಬೇಕಾಯಿತು. ಕಿವಿ ಒರಳಿನ ಪಕ್ಕದಲ್ಲೇ ಇತ್ತು. ಹೀಗೆ ಇಡೀ ದಿನ ನಾನು ಒರಳಿಗೆ ಕಿವಿ ಕೊಟ್ಟದ್ದೇ ಇಲ್ಲ. ಬೆಳಗ್ಗೆ ಎದ್ದು ಬೇರೆಯವರ ಮನೆ ಒರಳಿಗೆ ಹೋಗಿಬಿಡುತ್ತೇನಲ್ಲ. ಕಾಳು ಕುಟ್ಟುವ ಸದ್ದು ಒಂದೇ ಥರ ಇರುವುದಿಲ್ಲ. ಮೊದಲು ಗಡುಸಾಗಿರುತ್ತದೆ, ಹೊಟ್ಟು ಬಿಟ್ಟಂತೆಲ್ಲ ಮೆತ್ತಗಾಗುತ್ತದೆ. ನಡುವೆ ನಿಲ್ಲುತ್ತದೆ, ಮೊರದಲ್ಲಿ ಹಾಕಿ ಕೇರಬೇಕಲ್ಲ. ನನ್ನ ಆಚೆಯವಳು ಕೇರಲೇ ಇಲ್ಲ. ಬೆಳಗಿನಿಂದ ಹೊತ್ತು ಇಳಿಯುವವರೆಗೆ ಅದೇ ಏಟು, ಅದೇ ಟಣ್, ಒನಕೆಯ ಕಬ್ಬಿಣದ ಬಳೆ ಬರಿ ಕಲ್ಲಿಗೆ ಬಡಿಯುವ ಸದ್ದು. ಮಧ್ಯಾಹ್ನದ ಮೇಲೆ ಏಟು ಸೋತಿತು. ಆದರೂ ನಿಲ್ಲಲಿಲ್ಲ.

ನಾನು ಬೆನ್ನು ಹಿಡಿದುಕೊಂಡೇ ಎದ್ದು ಕೂತೆ. ಇದು ನನಗೆ ಹೊಸ ಸದ್ದಲ್ಲ. ಎಂಟು ವರ್ಷದವಳಿದ್ದಾಗ ನಮ್ಮೂರಿಗೇ ಕೆಟ್ಟ ವರ್ಷ ಬಂದಿತ್ತು. ಕಣಜ ಬರಿದಾಗಿತ್ತು. ಆಗ ಅವ್ವನ ಹಿಂದೆ ಬೀದಿಯಲ್ಲಿ ನಡೆಯುವಾಗ ಕೆಲವು ಮನೆಗಳಿಂದ ಈ ಟಣ್ ಕೇಳಿಸುತ್ತಿತ್ತು. ಒಲೆ ಹೊತ್ತಿಲ್ಲವೆಂದು ಪಕ್ಕದ ಮನೆಗೆ ಗೊತ್ತಾಗಬಾರದಲ್ಲ. ಆಚೆಯವರಿಗೂ ಪಕ್ಕದ ಮನೆ ಇರುತ್ತದೆ, ಮರ್ಯಾದೆ ಇರುತ್ತದೆ, ಇದು ನಮ್ಮ ಕಟ್ಟಳೆಗೆ ಹೊಳೆದಿರಲಿಲ್ಲ. ಸದ್ದು ನಿಂತರೆ ಹಸಿವು, ಸದ್ದಿದ್ದರೆ ಊಟ ಎಂದು ನಮ್ಮ ತಾತ ಕಲ್ಲಿನಲ್ಲಿ ಕೆತ್ತಿಬಿಟ್ಟಿದ್ದರು. ಎರಡು ವರ್ಷ ನಾವು ಬರಿ ಒರಳಿನ ಸದ್ದು ಕೇಳಿಕೊಂಡು, ಆಚೆಯವರು ಉಂಡರು ಎಂದು ನೆಮ್ಮದಿಯಾಗಿ ಉಂಡಿದ್ದೆವು.

ಮಾರನೆಯ ದಿನ ಟೈಲರ್ ಫಕ್ರುಸಾಬರ ಹತ್ತಿರ ಹೋದೆ. ಚುನಾವಣೆಗೆ ನಿಂತ ಎರಡೂ ಕಡೆಯವರ ಬಾವುಟ ಅವರೇ ಹೊಲಿಯುತ್ತಿದ್ದರು. ಮಿಷನ್ ನಿಲ್ಲಿಸಿ ನನ್ನ ಮನೆಗೆ ಬಂದು ಒರಳಿನ ಪಕ್ಕ ಕೂತರು. ಸ್ವಲ್ಪ ಹೊತ್ತು ಕೇಳಿ ತಲೆ ಮೇಲೆತ್ತಿದರು.

"ಇದು ಬಟ್ಟೆ ಇಲ್ದೆ ಮಿಷನ್ ಓಡಿಸಿದಂಗೈತಲ್ಲ ತಿಪ್ಪಕ್ಕ."

"ನಿಮ್ಮನೆ ಒರಳೂ ಕೇಳಿ ನೋಡಿ ಸಾಬ್ರೇ."

ಅವರು ಮನೆಗೆ ಹೋಗಿ ಕೇಳಿ ಬಂದರು. ಎರಡೂ ಬಾವುಟಗಳಿಂದ ಉಳಿದ ಚೂರುಗಳನ್ನು ಜೋಡಿಸಿ ಒಂದು ಉದ್ದನೆಯ ಬಟ್ಟೆ ಹೊಲಿದು, ಅದರ ಮೇಲೆ ಬರೆದರು: ಗೆದ್ದರೆ ಆಚೆಪಾಲು ಕೊಡ್ತೀರೋ ಇಲ್ಲವೋ? ವೋಟಿಗೆ ಮುಂಚೆ ಹೇಳಿ.

ಅಷ್ಟೇ ನಮ್ಮ ಪ್ರಚಾರ. ಇಂಥವರಿಗೆ ವೋಟು ಹಾಕಿ ಎಂದು ನಾವು ಯಾರಿಗೂ ಹೇಳಲಿಲ್ಲ. ನಾನು ಉಳಿಚೀಲ ಹೆಗಲಿಗೆ ಹಾಕಿಕೊಂಡು ಎಂದಿನಂತೆ ಮನೆ ಮನೆಗೆ ಹೋದೆ, ಕಕ್ಕು ಹಾಕುವ ನೆಪದಲ್ಲಿ ಮನೆಯವರನ್ನು ಕೂರಿಸಿ ಒರಳು ಕೇಳಿಸಿದೆ. ಕೆಲವರು ಕೇಳಿದರು. ಬಹಳ ಜನ ಚರಂಡಿ ತೋರಿಸಿದರು. ಮೇಲಿನ ಬೀದಿಯ ಒಬ್ಬಾಕೆ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಮಾತಾಡಿದಳು.

"ನಾವೇ ಈ ಗಬ್ಬಿನಾಗೆ ಬಿದ್ದೀವಿ. ಕಣಜದಾಗೆ ಕಾಲು ಭಾಗ ಆಚೆಗೇ ಸುರೀತಾರಂತಲ್ಲ?"

"ಕಾಲು ಭಾಗ ಅಂತ ಯಾರಂದ್ರು?"

"ಎಲ್ರೂ ಅಂತಾರೆ. ನಮ್ಮೆಜಮಾನ್ರು ಅರ್ಧ ಅಂತಾರೆ."

ನಾನು ಅವಳ ಮೊರ ತರಿಸಿದೆ. ಒಂದು ಸೇರು ಕಾಳು ಸುರಿದು, ಅದರಿಂದ ಒಂದು ಚಿಟಿಕೆ ತೆಗೆದು ಪಕ್ಕಕ್ಕಿಟ್ಟೆ. "ಇಷ್ಟು."

"ಇಷ್ಟೇನಾ?"

"ಇಷ್ಟೇ. ಇಷ್ಟರಾಗೆ ಚರಂಡಿ ಮಾಡ್ತೀನಿ ಅಂದ್ರೆ ನಿಮ್ಮನೆ ಮುಂದೆ ಒಂದು ಚಪ್ಪಡಿ ಬೀಳತೈತೆ. ಮಿಕ್ಕಿದ್ದ ಚರಂಡಿಗೆ ಇಷ್ಟು ದಿನ ಯಾರು ಅಡ್ಡ ಬಂದಿದ್ರು ಅಂತ ಅವರನ್ನೇ ಕೇಳು."

ಅವಳು ನಕ್ಕಳು. "ಅದ್ಸರಿ, ಕೊಟ್ಟಿದ್ದು ಅಲ್ಲಿಗೇ ಮುಟ್ಟತೈತೆ ಅಂತ ಏನ್ ಗ್ಯಾರಂಟಿ? ಮಧ್ಯದಾಗೆ ಯಾರೋ ತಿಂದ್ರೆ?"

"ನಿನ್ನ ಗಂಡ ಸಂತೆಗೆ ಹೋಗಿ ಬರೋವಾಗ ಅರ್ಧ ಮಧ್ಯದಾಗೇ ಖರ್ಚು ಮಾಡ್ಕೊಂಡು ಬರ್ತಾನೆ ಅಂತ ನೀನೇ ಬೈತಿದ್ದೆ. ಹಂಗಂತ ಸಂತೆ ಬಿಟ್ಟಿದ್ದೀಯಾ? ಮುಟ್ಟಿಲ್ಲ ಅಂದ್ರೆ ಮುಟ್ಟೋ ಹಂಗೆ ನೋಡ್ಕೋಬೇಕು, ಕೊಡೋದ್ನೇ ಬಿಡ್ತಾರೇನು?"

ಹಾಲಿ ಮಂಡಲಿಯ ಅಧ್ಯಕ್ಷರು ಗುರುಶಾಂತಪ್ಪ ಮೇಷ್ಟ್ರು. ಮತ್ತೆ ನಿಂತಿದ್ದರು. ನಾವು ಬಟ್ಟೆ ಹಿಡಿದುಕೊಂಡು ಹೋದಾಗ ಜಗಲಿಯಲ್ಲಿ ಕೂರಿಸಿ ಕಾಫಿ ಕೊಟ್ಟರು, ಎಲ್ಲರಿಗೂ ಒಂದೇ ಥರದ ಲೋಟದಲ್ಲಿ. ಒಳ್ಳೆಯ ಮನುಷ್ಯ.

"ತಿಪ್ಪಕ್ಕ, ಆಚೆಪಾಲು ಇರಬೇಕು ಅಂತ ನನ್ನ ಮನಸ್ಸಲ್ಲಿ ಐತಮ್ಮ. ಆದ್ರೆ ಈಗ ಬಾಯಿಬಿಟ್ಟು ಹೇಳಿದ್ರೆ ನೀಲಕಂಠಪ್ಪ ಅದನ್ನೇ ಮೈಕಲ್ಲಿ ಹಾಕ್ತಾನೆ. ಗೆದ್ದ ಮೇಲೆ ನೋಡಾನ."

"ಮೇಷ್ಟ್ರೇ, ನೀವು ಶಾಲೇಲಿ ಮಗ್ಗಿ ಒಪ್ಪಿಸ್ಕೊಳ್ಳೋವಾಗ, ಮನಸ್ಸಲ್ಲೇ ಹೇಳ್ಕೊ ಹೋಗು ಅಂತ ಯಾರನ್ನಾದ್ರೂ ಬಿಟ್ಟಿದ್ರಾ?"

ಫಕ್ರುಸಾಬರು ಕಾಫಿ ನೆತ್ತಿಗೇರಿ ಕೆಮ್ಮಿದರು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಮಾತು ಮಾತ್ರ ಕೊಡಲಿಲ್ಲ. ಅವರು ಸಭೆ ಮಾಡಿದಲ್ಲೆಲ್ಲ ನಾವು ಎದುರಿಗೆ ನಿಂತೆವು, ನೀಲಕಂಠಪ್ಪ ಸಭೆ ಮಾಡಿದಲ್ಲೂ ನಿಂತೆವು. ಮೊದಲು ಇಬ್ಬರಿದ್ದವರು ಹತ್ತು ದಿನದಲ್ಲಿ ಹನ್ನೊಂದು ಮಂದಿಯಾದೆವು. "ಬಂತು ನೋಡ್ರಪ್ಪಾ ಊರಾಚೆ ಪಾರ್ಟಿ" ಎಂದು ಹುಡುಗರು ಶಿಳ್ಳೆ ಹಾಕುತ್ತಿದ್ದರು. ಹಾಕಲಿ ಎಂದು ಬಟ್ಟೆಯನ್ನು ಇನ್ನೊಂದು ಮೊಳ ಮೇಲಕ್ಕೆ ಹಿಡಿಯುತ್ತಿದ್ದೆವು.

ಪ್ರಚಾರ ಮುಗಿಯಲು ಎರಡು ದಿನ ಇದ್ದಾಗ ನೀಲಕಂಠಪ್ಪನ ತಾಯಿ ಹಾಲಮ್ಮ ನನಗೆ ಹೇಳಿಕಳಿಸಿದರು. ಎಪ್ಪತ್ತೈದು ದಾಟಿದ ಮುದುಕಿ, ಬೆನ್ನು ಮಾತ್ರ ಒನಕೆಯ ಹಾಗೆ ನೆಟ್ಟಗೆ. ಆ ಮನೆಯ ಒರಳಿಗೆ ಊರಲ್ಲಿ ಒಂದು ಹೆಸರಿತ್ತು. ಕೆಟ್ಟ ವರ್ಷದಲ್ಲೂ ಒಂದು ದಿನವೂ ನಿಲ್ಲದ ಒರಳು ಎಂದು. ನೀಲಕಂಠಪ್ಪ ಪ್ರತಿ ಭಾಷಣದಲ್ಲೂ ಅದನ್ನೇ ಹೇಳುತ್ತಿದ್ದ: "ದುಡಿಯೋ ಮನೆ ಒರಳು ಯಾವತ್ತೂ ನಿಲ್ಲಲ್ಲ. ನಮ್ಮನೆ ಒರಳು ಕೇಳಿ."

"ನಾಡಿದ್ದು ಮಗ ಈ ಒರಳು ಕೀಳಿಸ್ತಾನಂತೆ ತಿಪ್ಪಿ" ಎಂದರು ಹಾಲಮ್ಮ. "ಸ್ಟೇಜಿನ ಮ್ಯಾಲೆ ಇಟ್ಟು ಸಿಮೆಂಟ್ ಹುಯ್ತಾನಂತೆ. ಹೋಗೋದು ಹೆಂಗೂ ಹೋಯ್ತೈತೆ, ಒಂದ್ಸಲ ಕಕ್ಕು ಹಾಕು."

ಒರಳಿನ ತಳವನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಅಲ್ಲಿ ಸಿಡುಬಿನ ಕಲೆಯ ಹಾಗೆ ಹತ್ತಾರು ಗುಳಿಗಳಿದ್ದವು. ಕಾಳಿನ ಮೇಲೆ ಬಿದ್ದ ಒನಕೆ ಕಲ್ಲನ್ನು ನುಣುಪು ಮಾಡುತ್ತದೆ. ಬರಿ ಕಲ್ಲಿಗೆ ಬಿದ್ದ ಬಳೆ ಮಾತ್ರ ಹೀಗೆ ಕಿತ್ತು ತಿನ್ನುತ್ತದೆ. ಗುಳಿಗಳ ಸುತ್ತ ಒತ್ತೊತ್ತಾಗಿ ಹಳೆಯ ಕಚ್ಚುಗಳಿದ್ದವು, ಅವು ನಮ್ಮವ್ವನ ಕೈಯವು. ಮುಚ್ಚಲು ನೋಡಿದ್ದಳು. ನಾನು ಈ ಮನೆಗೆ ಬಂದಾಗಲೆಲ್ಲ ಅದನ್ನು ಕಂಡಿದ್ದೆ. ಎಂದಿನಂತೆ ಏನೂ ಮಾತಾಡದೆ ಉಳಿ ಹಿಡಿದೆ.

"ನಿಮ್ಮವ್ವ ಯಾರಿಗೂ ಹೇಳಲಿಲ್ಲ" ಎಂದರು ಹಾಲಮ್ಮ.

ನನ್ನ ಕೈ ನಿಂತಿತು.

"ನೀನೂ ಹೇಳಲಿಲ್ಲ. ಹತ್ತು ದಿನದಿಂದ ನನ್ನ ಮಗನ ಎದುರಿಗೆ ಬಟ್ಟೆ ಹಿಡ್ಕೊಂಡು ನಿಂತಿದ್ದೀಯ. ಅವನು ನಮ್ಮನೆ ಒರಳು, ನಮ್ಮನೆ ಒರಳು ಅಂತ ಎದೆ ತಟ್ಕೊಂಡಾಗ ನೀನು ಒಂದು ಮಾತು ಅಂದಿದ್ರೆ ಮುಗೀತಿತ್ತು. ಯಾಕೆ ಅನ್ಲಿಲ್ಲ?"

"ಅದು ನನ್ನ ಸುದ್ದಿ ಅಲ್ಲವಲ್ಲ ಹಾಲವ್ವ."

ಒರಳಿನೊಳಗೆ ಆಚೆಯವರು ಕುಟ್ಟುತ್ತಲೇ ಇದ್ದರು. ಟಣ್. ಟಣ್. ಮುದುಕಿ ಅದನ್ನು ಕೇಳಿಸಿಕೊಳ್ಳುತ್ತ ಕೂತಿದ್ದರು. ಅದು ಬರಿ ಒರಳಿನ ಸದ್ದೆಂಬುದು ಎರಡು ವರ್ಷದಿಂದ ಅವರಿಗೂ ಗೊತ್ತಿತ್ತು ಎಂದು ಅವರ ಮುಖ ನೋಡಿದ ಮೇಲೆ ನನಗೆ ತಿಳಿಯಿತು. ಬಾಯಿಬಿಟ್ಟಿದ್ದರೆ, ನಿನಗೆ ಹೇಗೆ ಗೊತ್ತಾಯಿತು ಎಂದು ಯಾರಾದರೂ ಕೇಳುತ್ತಿದ್ದರಲ್ಲ. ನಾನು ಕಕ್ಕು ಹಾಕಿ ಮುಗಿಸಿ ಎದ್ದೆ. ಅವರು ಮೊರದ ತುಂಬ ಕಾಳು ಕೊಟ್ಟರು.

ಪ್ರಚಾರದ ಕೊನೆಯ ದಿನ ಕಣಜದ ಎದುರಿನ ಬಯಲಿನಲ್ಲಿ ನೀಲಕಂಠಪ್ಪನ ದೊಡ್ಡ ಸಭೆ. ಟ್ರಾಕ್ಟರಿನ ಟ್ರೈಲರೇ ಸ್ಟೇಜು. ಅದರ ಮೇಲೆ ಕಿತ್ತು ತಂದ ಒರಳು, ಬುಡಕ್ಕೆ ಇನ್ನೂ ನಡುಮನೆಯ ಮಣ್ಣು ಮೆತ್ತಿಕೊಂಡಿತ್ತು. ಪಕ್ಕದಲ್ಲಿ ಗಾರೆ ಕೆಲಸದವನು ಬಾಂಡ್ಲಿಯಲ್ಲಿ ಸಿಮೆಂಟು ಕಲಸುತ್ತಿದ್ದ. ಕಿತ್ತು ತಂದರೂ ಒರಳಿನ ಸದ್ದು ನಿಂತಿರಲಿಲ್ಲ. ನೀಲಕಂಠಪ್ಪ ಮೈಕನ್ನು ಅದರ ಬಾಯಿಗೆ ಹಿಡಿದ. ಟಣ್, ಟಣ್ ಎಂದು ಬಯಲೆಲ್ಲ ತುಂಬಿತು.

"ಕೇಳ್ರಪ್ಪಾ! ಹೊಟ್ಟೆಗಿಲ್ದೋರು ಹಿಂಗೆ ಕುಟ್ತಾರಾ? ಇವರಿಗೆ ನಾವು ಕೊಡಬೇಕಂತೆ! ನಮ್ಮವ್ವ ಕೆಟ್ಟ ವರ್ಷದಾಗೂ ಒನಕೆ ಕೆಳಗಿಟ್ಟೋಳಲ್ಲ. ಯಾರ ಹತ್ರಾನೂ ಕೈ ಚಾಚ್ಲಿಲ್ಲ."

ನಾನು ಜನರ ನಡುವಿನಿಂದ ಕೂಗಿದೆ. "ನೀಲಕಂಠಪ್ಪನೋರೇ, ಅದು ಬರಿ ಒರಳಿನ ಸದ್ದು. ಕಾಳಿಲ್ಲ ಅದರಾಗೆ. ಗೆದ್ರೆ ಆಚೆಪಾಲು ಕೊಡ್ತೀರೋ ಇಲ್ವೋ?"

"ಬಾ ತಿಪ್ಪಕ್ಕ, ನಿನ್ನೇ ಕಾಯ್ತಿದ್ದೆ" ಎಂದ ಅವನು ಮೈಕಿನಲ್ಲೇ. "ಜನಗಳೇ, ಒರಳು ಮುಚ್ಚಿದ್ರೆ ಯಾರ ಕಸುಬು ಹೋಯ್ತೈತೆ ಹೇಳಿ? ಕಕ್ಕು ಹಾಕೋರದು! ಆಚೆಯೋರ ಹೆಸರಾಗೆ ತಿಪ್ಪಕ್ಕ ತನ್ನ ಹೊಟ್ಟೆಪಾಡು ನೋಡ್ಕೊಂತಾವ್ಳೆ!"

ಬಯಲು ಬಿದ್ದು ಬಿದ್ದು ನಕ್ಕಿತು. ನನ್ನ ನಾಲಿಗೆಯ ತುದಿಗೆ ಆ ಗುಳಿಗಳ ಸುದ್ದಿ ಬಂತು. ಒಂದೇ ಮಾತು. ಅವ್ವ ಕಣ್ಣ ಮುಂದೆ ನಿಂತಳು. ನುಂಗಿಕೊಂಡೆ, ಆದರೆ ಜಾಗ ಬಿಡಲಿಲ್ಲ. ಬಟ್ಟೆಯ ಇನ್ನೊಂದು ತುದಿ ಹಿಡಿದಿದ್ದ ಫಕ್ರುಸಾಬರೂ ಬಿಡಲಿಲ್ಲ.

ಮುಂದಿನ ಸಾಲಿನ ಕುರ್ಚಿಯಿಂದ ಹಾಲಮ್ಮ ಎದ್ದರು. ಯಾರ ಕೈಯನ್ನೂ ಹಿಡಿಯದೆ ಟ್ರೈಲರಿನ ಮೆಟ್ಟಿಲು ಹತ್ತಿದರು. ಮಗ, ಅವ್ವ ಆಶೀರ್ವಾದ ಮಾಡಲು ಬಂದಳೆಂದುಕೊಂಡು ಮೈಕನ್ನು ಅವರ ಮುಂದೆ ಹಿಡಿದ. ಅವರು ಮೈಕು ತೆಗೆದುಕೊಳ್ಳಲಿಲ್ಲ. ಶೋಭೆಗೆಂದು ಒರಗಿಸಿದ್ದ ಒನಕೆ ತೆಗೆದುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬರಿ ಒರಳಿಗೆ ಹೊಡೆದರು. ಟಣ್. ಒಳಗಿನಿಂದ ಆಚೆಯವರ ಟಣ್. ಇವರದೊಂದು, ಅವರದೊಂದು. ಹತ್ತು ಏಟು ಆಗುವ ಹೊತ್ತಿಗೆ ಯಾವುದು ಯಾರದು ಎಂದು ಹೇಳಲು ಆಗಲಿಲ್ಲ.

"ಗುರುತು ಸಿಕ್ತೇನ್ರಪ್ಪಾ?" ಎಂದರು ಹಾಲಮ್ಮ. ನೀಲಕಂಠಪ್ಪನ ಕೈಯಲ್ಲಿದ್ದ ಮೈಕು ಅವರ ದನಿಯನ್ನು ಬಯಲ ತುದಿಗೆ ಮುಟ್ಟಿಸಿತು. "ಕೆಟ್ಟ ವರ್ಷದಾಗೆ ನಮ್ಮನೇಲಿ ನಲವತ್ತು ದಿನ ಕಾಳಿರಲಿಲ್ಲ. ನಲವತ್ತು ದಿನಾನೂ ನಾನು ಕುಟ್ಟಿದೆ. ಪಕ್ಕದ ಮನೆಯೋರಿಗೆ ಕೇಳ್ಲಿ ಅಂತ. ನಿಲ್ಲದ ಒರಳು ಅಂತೀರಲ್ಲ, ಅದು ಇದೇ. ಬರಿ ಕಲ್ಲು. ನಾಚಿಕೆ ಆಗ್ತಿತ್ತು ನಂಗೆ. ಐವತ್ತು ವರ್ಷ ಆಯ್ತು. ಈಗ ಆಗ್ತಿಲ್ಲ."

"ಅವ್ವಾ, ಇಳಿ" ಎಂದ ಮಗ.

"ಇಳೀತೀನಿ, ನೀನು ಮೊದಲು ಆ ಸಿಮೆಂಟು ಇಳಿಸು."

ಯಾರೂ ನಗಲಿಲ್ಲ. ಹೆಂಗಸರ ಕಡೆಯಿಂದ ಒಬ್ಬ ಮುದುಕಿ, "ನಮ್ಮನೇಲೂ ಹಂಗೇ ಕಣವ್ವ ಹಾಲಿ" ಎಂದಳು. "ನಮ್ಮತ್ತೆ ಕುಟ್ಟುತಿದ್ಲು" ಎಂದಿತು ಇನ್ನೊಂದು ದನಿ. ಆಮೇಲೆ ಮತ್ತೊಂದು. ಗಾರೆ ಕೆಲಸದವನು ಕರಣೆ ಹಿಡಿದುಕೊಂಡು ನಿಂತೇ ಇದ್ದ. ಬಾಂಡ್ಲಿಯ ಸಿಮೆಂಟು ಅಲ್ಲೇ ಗಟ್ಟಿಯಾಯಿತು. ಒರಳು ಅಂದೇ ರಾತ್ರಿ ಹಾಲಮ್ಮನ ನಡುಮನೆಗೆ ವಾಪಸು ಹೋಯಿತು.

ಮಾರನೆಯ ದಿನ ಪ್ರಚಾರವಿಲ್ಲ, ಮೈಕಿಲ್ಲ. ಮಧ್ಯಾಹ್ನದ ಹೊತ್ತಿಗೆ ಕೆಳಗಿನ ಬೀದಿಯ ಯಾವುದೋ ಮನೆಯಿಂದ ಟಣ್ ಎಂದು ಕೇಳಿತು. ಆಮೇಲೆ ಮೇಲಿನ ಬೀದಿಯಿಂದ. ಯಾರೂ ಹೇಳಿಕೊಟ್ಟದ್ದಲ್ಲ. ಮನೆ ತುಂಬ ಕಾಳಿದ್ದವರೂ, ಕೆಟ್ಟ ವರ್ಷ ಕಾಣದ ಚಿಕ್ಕ ವಯಸ್ಸಿನವರೂ ಬರಿ ಒರಳಿಗೆ ಒನಕೆ ಹಾಕಿದರು. ನಿಮ್ಮ ಸದ್ದು ನಮಗೆ ಗೊತ್ತಾಯಿತು, ನಮ್ಮದೂ ಹೀಗೇ ಇತ್ತು ಎಂದು ಆಚೆಯವರಿಗೆ ಹೇಳಲು ನಮಗೆ ಬೇರೆ ಯಾವ ಭಾಷೆಯಿತ್ತು? ನಾನೂ ಕುಟ್ಟಿದೆ. ಬೆನ್ನು ಬೇಡವೆಂದರೂ ಕುಟ್ಟಿದೆ. ಸ್ವಲ್ಪ ಹೊತ್ತಿಗೆ ಆಚೆಯ ಸದ್ದು ನಿಂತಿತು. ನನ್ನ ಒರಳಿನಲ್ಲಿ ಮಾತ್ರವಲ್ಲ, ಊರಿನ ಎಲ್ಲ ಒರಳಿನಲ್ಲೂ. ನಾವೂ ನಿಲ್ಲಿಸಿದೆವು. ಸಂಜೆಯವರೆಗೆ ಊರು ಕಿವಿ ಕೊಟ್ಟು ಕೂತಿತು. ಅವರ ಮರ್ಯಾದೆ ತೆಗೆದೆವೋ ಏನೋ ಎಂದು ನನಗೆ ಅಳುಕಾಯಿತು. ಧೂಳು ಬೀಳದಿರಲಿ ಎಂದು ಒರಳಿಗೆ ಬುಟ್ಟಿ ಮುಚ್ಚಿ ಮಲಗಿದೆ.

ಬೆಳಗ್ಗೆ ವೋಟಿಗೆ ಹೊರಡುವ ಮುಂಚೆ ಬುಟ್ಟಿ ಎತ್ತಿದೆ. ಒರಳಿನ ತಳದಲ್ಲಿ ಕಾಳಿತ್ತು. ಒಂದು ಹಿಡಿಯೂ ಇಲ್ಲ, ಬೆರಳೆಣಿಕೆಯಷ್ಟು. ಕೆಂಪಗೆ, ಉದ್ದಕ್ಕೆ, ನಮ್ಮ ಹೊಲಗಳಲ್ಲಿ ಎಂದೂ ಬೆಳೆಯದ ಕಾಳು. ನಾನು ಅದನ್ನು ಅಂಗೈಯಲ್ಲಿ ಹಾಕಿಕೊಂಡು ಬಾಗಿಲಿಗೆ ಬಂದರೆ ಎದುರು ಮನೆಯವಳೂ ಅಂಗೈ ನೋಡಿಕೊಂಡು ನಿಂತಿದ್ದಳು. ಅವಳ ಪಕ್ಕದ ಮನೆಯವಳೂ.

ನಾವು ಹೇಳಿದ್ದು ಒಂದು, ಅವರು ಕೇಳಿದ್ದು ಒಂದು. ನಮ್ಮ ಊರಿಗೆ ಹಸಿವು ಬಂದಿದೆ ಎಂದುಕೊಂಡಿದ್ದರು. ಎರಡು ವರ್ಷ ಬರಿ ಕಲ್ಲು ಕುಟ್ಟಿದವರು, ಬಿತ್ತನೆಗೆಂದು ಎಲ್ಲಿ ಮುಚ್ಚಿಟ್ಟಿದ್ದರೋ, ಒಂದೇ ಸಂಜೆಯಲ್ಲಿ ತೆಗೆದು ಕೊಟ್ಟಿದ್ದರು. ಅವರಿಗೆ ಮೂರು ದಿನದ ಕಟ್ಟಳೆ ಇರಲಿಲ್ಲ. ಸದ್ದಿನ ಗುರುತಿತ್ತು.

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಕಾಳು ಹಿಡಿದುಕೊಂಡೇ ಶಾಲೆಯ ಬಯಲಿಗೆ ನಡೆದೆ. ವೋಟಿನ ಸಾಲಿನಲ್ಲಿ ನಿಂತ ಹೆಂಗಸರೆಲ್ಲರ ಮುಷ್ಟಿ ಮುಚ್ಚಿತ್ತು. ಸಾಲು ಬಾಗಿಲವರೆಗೆ ಹೋಗಿ ಅಲ್ಲಿಗೆ ನಿಂತಿತು. ಯಾರೂ ಒಳಗೆ ಕಾಲಿಡಲಿಲ್ಲ.

"ಒಳಗೆ ಬರ್ರಮ್ಮ, ಹೊತ್ತಾಗ್ತದೆ" ಎಂದರು ಚುನಾವಣೆಯ ಅಧಿಕಾರಿ.

"ಬರ್ತೀವಿ ಸಾರ್. ವೋಟಿಗೆ ನಿಂತಿರೋ ಇಬ್ಬರೂ ಬಂದು ಒಂದು ಮಾತು ಹೇಳ್ಲಿ, ಬರ್ತೀವಿ" ಎಂದೆ.

"ಇವತ್ತು ಪ್ರಚಾರ ಮಾಡೋ ಹಾಗಿಲ್ಲ ಕಣಮ್ಮ."

"ಪ್ರಚಾರ ಅಲ್ಲ ಸಾರ್, ಕಾಳು" ಎಂದು ಅಂಗೈ ಬಿಚ್ಚಿ ತೋರಿಸಿದೆ. ನನ್ನ ಹಿಂದೆ ಸಾಲಿನುದ್ದಕ್ಕೂ ಅಂಗೈಗಳು ಬಿಚ್ಚಿಕೊಂಡವು. ಅವರು ಹೊರಗೆ ಬಂದು ನೋಡಿದರು, ಒಳಗೆ ಹೋಗಿ ಕುರ್ಚಿಯಲ್ಲಿ ಕೂತರು.

ಮೇಷ್ಟ್ರು ಮೊದಲು ಬಂದರು. ನನ್ನ ಅಂಗೈ ನೋಡಿದರು. ಕನ್ನಡಕ ಒರೆಸಲಿಲ್ಲ. "ಗೆದ್ರೂ ಕೊಡ್ತೀನಿ, ಸೋತ್ರೆ ಕೊಡಿಸೋಕೆ ನಿಮ್ಮ ಬಟ್ಟೆ ಹಿಡ್ಕೊಂಡು ನಿಲ್ತೀನಿ" ಎಂದು ಪಾಠ ಹೇಳುವ ಗಟ್ಟಿ ದನಿಯಲ್ಲಿ ಹೇಳಿದರು. ನೀಲಕಂಠಪ್ಪ ಬರಲು ಹೊತ್ತು ಹಿಡಿಯಿತು. ಎರಡು ದಿನದಲ್ಲಿ ಅವನ ಮುಖ ಸೊರಗಿತ್ತು.

"ವೋಟು ಮುಗೀಲಿ ತಿಪ್ಪಕ್ಕ. ಕೂತು ಮಾತಾಡಾನ."

"ಮುಗಿದ ಮ್ಯಾಲೆ ನೀವು ಕೂತ್ಕೊಂತೀರಿ, ನಾವು ನಿಂತಿರ್ತೀವಿ. ಈಗ್ಲೇ ಹೇಳಿ. ನನ್ನ ಹೊಟ್ಟೆಪಾಡು ಅಂದ್ರಲ್ಲ. ಹೌದು, ಹೊಟ್ಟೆಪಾಡೇ. ಇದು ಅವರ ಹೊಟ್ಟೆಗೆ ಹೋಗಬೇಕಾದ್ದು, ನಮಗೆ ಕಳಿಸವ್ರೆ. ನಿಮ್ಮ ಗಿರಣಿಗೆ ಹಾಕಿ ಬೀಸಿಕೊಡ್ತೀರಾ?"

ಅವನು ಕಾಳು ನೋಡುತ್ತ ನಿಂತ. ಆಗ ಸಾಲಿನ ಮಧ್ಯದಿಂದ ಹಾಲಮ್ಮ ಬಂದರು. ತಮ್ಮ ಅಂಗೈಯಿಂದ ಒಂದು ಕಾಳು ತೆಗೆದು ಮಗನ ತುಟಿಗೆ ಹಿಡಿದರು. ಐವತ್ತು ವರ್ಷದ ಗಂಡಸು, ಇಡೀ ಊರಿನ ಎದುರಿಗೆ ಬಾಯಿ ತೆರೆದ. ಅಗಿದ.

"ಆ ನಲವತ್ತನೇ ದಿನ ನಮ್ಮ ಒರಳಾಗೆ ಒಂದು ಹಿಡಿ ಇದೇ ಕಾಳು ಬಿದ್ದಿತ್ತು" ಎಂದರು ಹಾಲಮ್ಮ. "ದೇವ್ರು ಇಟ್ಟ ಅಂದ್ಕೊಂಡಿದ್ದೆ. ಯಾರು ಇಟ್ಟೋರು ಅಂತ ಈಗ ಗೊತ್ತಾತು. ನಾನು ಗಂಜಿ ಕಾಸ್ಕೊಂಡು ಕುಡಿದೆ, ಒಣಗಿದ್ದ ಎದೆಗೆ ಹಾಲು ಬಂತು. ನೀನು ಕುಡಿದೆ. ಆ ರುಚಿ ನಿಂಗೆ ಹೊಸದಲ್ಲ ಕಣಪ್ಪ."

ಅವನು ನುಂಗಿದ. ಮೈಕಿಲ್ಲದ ದನಿಯಲ್ಲಿ, "ಕೊಡ್ತೀನಿ" ಎಂದ.

"ಹಿಂದಿನೋರಿಗೆ ಕೇಳ್ಲಿಲ್ಲ" ಎಂದೆ ನಾನು.

"ಕೊಡ್ತೀನಿ!" ಎಂದು ಕೂಗಿದ.

ಆಮೇಲೆ ನಾವು ಒಳಗೆ ಹೋಗಿ ವೋಟು ಹಾಕಿದೆವು. ಯಾರು ಗೆದ್ದರು ಎನ್ನುವುದು ನನ್ನ ಕಥೆಗೆ ಬೇಕಿಲ್ಲ. ಹೇಳಬೇಕಾದ್ದನ್ನು ಇಬ್ಬರೂ ಹೇಳಿಯಾಗಿತ್ತು. ಗೆದ್ದವರು ಕೂಡ ಎರಡು ದಿನ ಕಟ್ಟಳೆಯ ಮಾತು ತೆಗೆದರು. ಮೂರು ದಿನ ಸದ್ದು ನಿಂತಿರಬೇಕು, ಆಚೆಯವರು ಮತ್ತೆ ಕುಟ್ಟಲು ಶುರು ಮಾಡಿದ್ದಾರೆ, ಕಲ್ಲಿನಲ್ಲಿ ಬರೆದದ್ದನ್ನು ಮೀರುವುದು ಹೇಗೆ ಎಂದರು. ನಾನು ಉಳಿಚೀಲ ತೆಗೆದುಕೊಂಡು ಕಣಜದ ಮುಂದೆ ಹೋಗಿ, ಹಾಡಹಗಲಲ್ಲಿ, ಎಲ್ಲರೂ ನೋಡುತ್ತಿರುವಾಗ ನಮ್ಮ ತಾತ ಕೆತ್ತಿದ ಸಾಲನ್ನು ಕೆತ್ತಿ ಹಾಕಿದೆ. ಅದೇ ಜಾಗದಲ್ಲಿ ಹೊಸ ಸಾಲು ಹೊಡೆದೆ: ಕೇಳಿ ನೋಡಿ ಕೊಡತಕ್ಕದ್ದು. ಊರ ಆಸ್ತಿ ಹಾಳು ಮಾಡಿದ್ದಕ್ಕೆ ಮಂಡಲಿಯಿಂದ ನೋಟೀಸು ಬಂತು. ಇನ್ನೂ ನಡೆಯುತ್ತಿದೆ. ನಡೆಯಲಿ. ಅಕ್ಷರ ಮಾತ್ರ ಅರ್ಧ ಬೆರಳು ಆಳ ಇದೆ, ಅಳಿಸಬೇಕಾದರೆ ಅವರು ನನ್ನನ್ನೇ ಕರೆಯಬೇಕು.

ಮೂರನೆಯ ದಿನ ಕಣಜದ ಬಾಗಿಲು ತೆಗೆದು ಮನೆಗೆ ಎರಡು ಸೇರಿನಂತೆ ಅಳೆದರು. ನಾನು ನನ್ನ ಪಾಲಿನ ನವಣೆಯ ಮೇಲೆ ಅವರ ಕೆಂಪು ಕಾಳನ್ನೂ ಇಟ್ಟು ಬುಟ್ಟಿ ಮುಚ್ಚಿದೆ. ಬಿತ್ತನೆಯದು, ಅವರಿಗೇ ಬೇಕು.

ಮಾರನೆಯ ಬೆಳಗ್ಗೆ ಆಚೆಯವಳು ಒನಕೆ ಹಾಕಿದಳು. ದಬ್. ಮತ್ತೆ ದಬ್. ನೆಲ ಸ್ವಲ್ಪ ಅದುರಿತು. ನಡುವೆ ನಿಂತಳು, ಕೇರುತ್ತಿದ್ದಳು. ಮತ್ತೆ ಕುಟ್ಟಿದಳು, ಈ ಸಲ ಮೆತ್ತಗೆ. ಎಳೆ ಬಿಸಿಲು ಹೊಸ್ತಿಲು ದಾಟುವ ಮೊದಲೇ ಸದ್ದು ನಿಂತುಹೋಯಿತು. ಕಾಳಿದ್ದವರು ದಿನವಿಡೀ ಕುಟ್ಟುವುದಿಲ್ಲ.